ಸಮುದ್ರಕ್ಕೆ ನಡೆದು ಹೋದ ಚಿಗವ್ವ

ಹೊಸಪೇಟೆ ಸ್ಟೇಷನ್ನಿನಲ್ಲಿ ಗೋವಾ ಕಡೆಯ ಬೆಳಗಿನ ರೈಲಿಗೆ ಕಾದು ನಿಂತವರು ನಾವು ಮೂವರು: ನಾನು, ನನ್ನ ಹೆಂಡತಿ ಶಾರದಾ, ಚಿತ್ತವಾಡ್ಗಿಯಿಂದ ಆಟೋದಲ್ಲಿ ಬಂದಿಳಿದ ನಮ್ಮ ಚಿಗವ್ವ, ಅಂದರೆ ತಾಯಿಯ ತಂಗಿ ಗೌರವ್ವ. ಕಂಪ್ಲಿಯ ನಮ್ಮ ಅಕ್ಕಿ ಗಿರಣಿಯನ್ನು ರಿಪೇರಿಗೆಂದು ನಿಲ್ಲಿಸಿದ್ದೆವು. ಆ ಬಿಡುವಿನಲ್ಲಿ ಹೊರಟ ಪ್ರವಾಸ ಇದು.

ಚಿಗವ್ವನ ಮುಖ ಮಾತ್ರ ಬಿಗಿದುಕೊಂಡಿತ್ತು. ಯುಗಾದಿಗೆ ಮುಂಚೆ ಚಿತ್ತವಾಡ್ಗಿಯ ಒಂದು ಗುಂಪು ಪ್ರತಿ ವರ್ಷ ಬರಿಗಾಲಲ್ಲಿ ಶ್ರೀಶೈಲಕ್ಕೆ ನಡೆದು ಹೋಗುತ್ತದೆ. ಮದುವೆಯಾಗಿ ಬಂದಾಗಿನಿಂದ ಆಕೆ ತಪ್ಪಿಸಿದವಳಲ್ಲ. ಈ ಸಲ ಗುಂಪಿನ ಮುಂದಾಳು ವೀರಭದ್ರಪ್ಪ ಮನೆಗೇ ಬಂದು, "ಗೌರವ್ವಾರ, ನೀವು ಬಸ್ಸಿನ್ಯಾಗ ಬರ್ರಿ. ನಿಮ್ಮ ಮೊಣಕಾಲು ನೋಡಿದ್ರ ನಮಗ ಹೆದರಿಕಿ ಬರ್ತೈತಿ" ಅಂದಿದ್ದರಂತೆ.

ಲೋಂಡಾ ದಾಟಿ ರೈಲು ಕಾಡು ಹೊಕ್ಕಾಗ ಆಕೆ ಬಾಯಿ ಬಿಟ್ಟಳು. "ಪಣಜಿಯಾಗ ಸಮುದ್ರಕ್ಕ ನಾ ನಡದಾ ಹೋಗಾಕಿ. ಮುಟ್ಟಿದ್ರ ಶ್ರೀಶೈಲಕ್ಕೂ ನಡೀತೀನಿ. ನಡುವ ಗಾಡಿ ಹತ್ತಿದ್ರ ಆ ವೀರಭದ್ರಪ್ಪನ ಮಾತು ಖರೆ."

"ಸಮುದ್ರ ಏನ್ ಶ್ರೀಶೈಲದ ಮಲ್ಲಯ್ಯನ ಗುಡಿ ಏನ್ರಿ ಅತ್ತಿ?" ಶಾರದಾ ನಕ್ಕಳು.

"ನಾ ಇನ್ನೂ ನೋಡಿಲ್ಲಲ್ಲವಾ. ನೋಡೋಮಟ ಅದು ದೇವರಾ."

ಮಡಗಾವಿನಲ್ಲಿ ಇಳಿದು ಬಸ್ಸು ಹಿಡಿದು ಪಣಜಿ ಸೇರುವಷ್ಟರಲ್ಲಿ ಕತ್ತಲಾಗಿತ್ತು. ಹಳೇ ಓಣಿಯೊಂದರ ಸಣ್ಣ ವಸತಿಗೃಹದಲ್ಲಿ ಅನ್ನ, ಮೆಂತ್ಯೆ ಪಲ್ಯ ಸಿಕ್ಕಿತು, ಉಂಡು ಮಲಗಿದೆವು.

ಬೆಳಿಗ್ಗೆ ಬಾಗಿಲು ತೆಗೆದವನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಬಣ್ಣ ಕಾಣದವರಲ್ಲ ನಾವು. ಸಂಡೂರಿನ ಕೆಂಪು ಧೂಳು, ಕಮಲಾಪುರದ ಬಾಳೆತೋಟದ ಹಸಿರು, ಹಂಪಿಯ ಬಂಡೆಗೆ ಸಂಜೆ ಹತ್ತುವ ಹೊನ್ನು, ಎಲ್ಲ ಕಂಡಿದ್ದೇವೆ. ಅವೆಲ್ಲ ಒಂದೊಂದು ಊರಿಗೆ ಒಂದೊಂದು. ಇಲ್ಲಿ ಒಂದೇ ಓಣಿಯಲ್ಲಿ ಅರಿಷಿಣದ ಮನೆ, ಅದರ ಹೆಗಲಿಗೆ ನೀಲಿ ಮನೆ, ಎದುರಿಗೆ ದಾಳಿಂಬೆಯಂಥ ಗೋಡೆ, ಗಿಳಿ ಹಸಿರಿನ ಕಿಟಕಿ. ಹೆಂಚಿನ ಮೇಲಿಂದ ಬಿಸಿಲು ಇಳಿದಂತೆ ಒಂದೊಂದೇ ಮನೆ ಎಚ್ಚರಾಗುತ್ತಿತ್ತು. ಚಿಗವ್ವ ಚಪ್ಪಲಿಯನ್ನು ಕೋಣೆಯಲ್ಲೇ ಬಿಟ್ಟು, ಬಾಯಿ ತೆರೆದುಕೊಂಡೇ ನಡೆದಳು.

ಓಣಿ ತಿರುಗುವಷ್ಟರಲ್ಲಿ ಮೊಣಕಾಲು ಹಿಡಿಯಿತು. ನಮ್ಮಲ್ಲಿ ಮನೆ ಮುಂದಿನ ಕಟ್ಟೆ ದಾರಿಹೋಕರದ್ದು. ಕೂರಲು ಯಾರನ್ನೂ ಕೇಳಬೇಕಿಲ್ಲ. ಆಕೆ ಮಾವಿನ ಹಣ್ಣಿನ ಬಣ್ಣದ ಮನೆಯೊಂದರ ಮೆಟ್ಟಿಲೇರಿ, ಬಾಗಿಲ ಪಕ್ಕದ ಕಲ್ಲಾಸನದ ಮೇಲೆ ಕಾಲು ಚಾಚಿ ಕೂತೇಬಿಟ್ಟಳು. ಹೂವಿನ ಫ್ರಾಕು ತೊಟ್ಟ ಮುದುಕಿಯೊಬ್ಬರು ಒಳಗಿನಿಂದ ಬಂದು, ಪ್ರವಾಸಿಗರ ಕಾಟಕ್ಕೆ ಬೇಸತ್ತವರಂತೆ ಹಿಂದಿಯಲ್ಲಿ ಗದರಿದರು: ಫೋಟೋ ತೆಗೆಯಬಾರದು.

"ಫೋಟೋ ಯಾಕ ಬೇಕವ್ವ? ಕಾಲು ನೋಯ್ತಾವ, ಕುಂತೀನಿ" ಎಂದು ಚಿಗವ್ವ ಕನ್ನಡದಲ್ಲೇ ಉತ್ತರಿಸಿ, ಮೊಣಕಾಲು ತಟ್ಟಿ ತೋರಿಸಿದಳು. ಆಯಮ್ಮ ಒಂದು ಗಳಿಗೆ ನೋಡಿದರು. ಆಮೇಲೆ ತಮ್ಮ ಫ್ರಾಕನ್ನು ಕೊಂಚ ಎತ್ತಿ, ತಮ್ಮ ಮೊಣಕಾಲಿಗೆ ಸುತ್ತಿದ್ದ ಪಟ್ಟಿ ತೋರಿಸಿ, ಎದುರಿನ ಆಸನದಲ್ಲಿ ತಾವೂ ಕೂತರು. ನೀರು ಬಂತು, ಕೊಬ್ಬರಿ ಮಿಠಾಯಿ ಬಂತು. ಮಳೆ ಗೋಡೆಯ ಬಣ್ಣ ತಿನ್ನುತ್ತದೆ, ಮಳೆ ಮುಗಿದ ಮೇಲೆ ಮತ್ತೆ ಹಚ್ಚುತ್ತೇವೆ, ಬರೀ ಬಿಳಿ ಮಾತ್ರ ಚರ್ಚಿಗೆ ಬಿಟ್ಟಿದ್ದು ಎಂದರು. ಶಾರದಾ ಅದನ್ನು ಕನ್ನಡಕ್ಕೆ ತಿರುಗಿಸಿದಳು.

ಅಲ್ಲಿಂದ ಮಾಂಡೋವಿ ನದಿಯ ದಂಡೆ ಹಿಡಿದು ನಡೆದೆವು. ಮೀರಾಮಾರ್ ತೀರಕ್ಕೆ ಮೂರ್ನಾಲ್ಕು ಕಿಲೋಮೀಟರು. ಬಿಸಿಲೇರಿತು. ಚಿಗವ್ವ ದೀಪದ ಕಂಬದಿಂದ ಕಂಬಕ್ಕೆ ಕೈಯೂರಿ ನಡೆಯತೊಡಗಿದಳು. ಟ್ಯಾಕ್ಸಿಯವರು ನಿಧಾನಿಸಿ ನೋಡಿ ಹೋಗುತ್ತಿದ್ದರು.

"ಅತ್ತಿ, ಗಾಡಿ ಕರೀಲೇನ್ರಿ?"

"ನಿನ್ನ ಕಾಲು ಸೋತಿದ್ರ ನೀ ಹತ್ತು. ಜಲ್ದಿ ಮುಟ್ಟಿ ಚಾ ಕುಡಕೋತ ಕುಂದ್ರು."

ಕಡೆಗೆ ಮರಗಳ ಸಾಲು ಮುಗಿಯಿತು, ಕಾಲಡಿ ಮರಳು ಬಂತು, ಎದುರಿಗೆ ಸಮುದ್ರ. ತುಂಬಿದ ಡ್ಯಾಮು ನೋಡಿ ಬೆಳೆದ ನಮಗೆ ನೀರೆಂದರೆ ಆಚೆ ದಡ ಇರಲೇಬೇಕು. ಇಲ್ಲಿ ಕಣ್ಣು ಓಡಿ ಓಡಿ ಆಕಾಶಕ್ಕೆ ಬಡಿದು ನಿಂತಿತು. ಚಿಗವ್ವ ಸೀರೆ ಎತ್ತಿಕಟ್ಟಿ ತೆರೆಗೆ ಇಳಿದಳು. ಗೆದ್ದೆ ಅನ್ನಲಿಲ್ಲ, ಕೈ ಕೂಡ ಮುಗಿಯಲಿಲ್ಲ. ಬಂದ ತೆರೆಯನ್ನೆಲ್ಲ ನೋಡುತ್ತ ನಿಂತಳು.

ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ಎಲ್ಲಾ ಹೊಳಿ ಇದರ ಕಡೀಗೇ ಬರ್ತಾವೇನಪಾ?"

"ಹೌದು ಚಿಗವ್ವ."

"ಇದು ಮಾತ್ರ ಎಲ್ಲೀಗೂ ಹೋಗಂಗಿಲ್ಲ."

"ಅದೆಲ್ಲಿಗೆ ಹೋಗ್ತೈತಿ ಚಿಗವ್ವ?"

ಚಿಗವ್ವ ದಂಡೆಗೆ ಬಂದವಳೇ, "ಗಾಡಿ ಕರಿ" ಅಂದಳು.

ಶಾರದಾ ಬೆರಗಾದಳು. "ಮುಟ್ಟಿದ್ರಲ್ರಿ ಅತ್ತಿ! ಇನ್ನ ಶ್ರೀಶೈಲ ನಿಮ್ದಾ!"

"ಮುಟ್ಟಿದೆ ಖರೆ. ಮೊಣಕಾಲೂ ತನ್ನ ಮಾತು ಹೇಳಿತವಾ. ನಡಿಯೋದು ಬ್ಯಾಡ ಬಿಡು."

ಮರುದಿನ ಊರಿಗೆ ಹೊರಟೆವು.

ಯುಗಾದಿ ಹತ್ತಿರ ಬಂದಾಗ ಚಿತ್ತವಾಡ್ಗಿಯ ಗುಂಪು ಹೊರಟಿತು. ಅವರ ಮೊದಲ ರಾತ್ರಿಯ ತಂಗು ಕಂಪ್ಲಿಯಲ್ಲಿ. ಹಿಂದಿನ ದಿನವೇ ಚಿಗವ್ವ ಬಸ್ಸಿನಲ್ಲಿ ನಮ್ಮ ಮನೆಗೆ ಬಂದು, ಗಿರಣಿಯ ಅಂಗಳದಲ್ಲಿ ಒಲೆ ಹೂಡಿ ಹಂಡೆ ನೀರು ಕಾಯಿಸಿದಳು. ಹೊತ್ತು ಮುಳುಗುವಾಗ ಬಂದ ಒಬ್ಬೊಬ್ಬರನ್ನೂ ಕೂರಿಸಿ ಕಾಲು ತೊಳೆದು ಹರಳೆಣ್ಣೆ ಹಚ್ಚಿದಳು. ವೀರಭದ್ರಪ್ಪ ಕಾಲು ಹಿಂದಕ್ಕೆ ಎಳೆದುಕೊಂಡರು.

"ಹಿರೇರು ನೀವು, ನನ್ನ ಕಾಲು ಮುಟ್ಟಬ್ಯಾಡ್ರಿ."

"ಚಾಚೋ ಮಾರಾಯಾ. ಹಿಂದ ಇನ್ನೂ ಮಂದಿ ನಿಂತಾರ."

ಅವರು ಚಾಚಿದರು. ಅವರ ಹಿಮ್ಮಡಿ ಒಡೆದಿತ್ತು. ಚಿಗವ್ವ ಅಲ್ಲಿ ಇನ್ನಷ್ಟು ಎಣ್ಣೆ ಹಾಕಿ ತಿಕ್ಕಿದಳು.