ಮಾವ ತೋರಿಸಿದ ಕಲ್ಲು

ಬೈಂದೂರಿನ ಕಡಲಲ್ಲಿ ನನ್ನ ಸೋದರಮಾವನಿಗೆ ಒಂದು ಕಲ್ಲಿತ್ತು. ನೀರಿನಡಿಯ ಬಂಡೆ, ಮೈತುಂಬ ಹವಳ, ಸಂದಿಯಲ್ಲಿ ಕಲ್ಲಿದ್ದಲ್ಲಿ ಮಾತ್ರ ಸಿಗುವ ಮುರು ಮೀನು. ಗಾಳ ಹಾಕುವವರು ಇಂಥ ಕಲ್ಲಿನ ಗುರುತನ್ನು ಬಾಯಿ ಬಿಡುವುದಿಲ್ಲ. ದೋಣಿಯಿಂದ ನೋಡಿದಾಗ ದಡದ ಒಂಟಿ ತಾಳೆಮರ ಐಸ್ ಪ್ಲಾಂಟಿನ ಮಾಡಿನ ನೇರಕ್ಕೆ ಬರಬೇಕು, ಮೊಬೈಲ್ ಟವರ್ ಗುಡ್ಡದ ತಗ್ಗಿನಲ್ಲಿ ಕೂರಬೇಕು. ಎರಡೂ ಕೂಡಿದಲ್ಲಿ ಕಲ್ಲು. ಮಾವನಿಗೆ ಅದನ್ನು ಅವರ ಮಾವ ತೋರಿಸಿದ್ದು. ನಾನು ಕ್ಯಾಮೆರಾ ಹಿಡಿದು ನೀರಿಗಿಳಿಯುವವನು. ಆದರೂ ಅಳಿಯನಲ್ಲವೇ, ನನಗೆ ತೋರಿಸಿದರು.

ಕಳೆದ ಬೇಸಿಗೆಯಲ್ಲಿ ಇಳಿದಾಗ ನೀರು ಸ್ನಾನಕ್ಕೆ ಕಾಯಿಸಿಟ್ಟ ಹಾಗಿತ್ತು. ಹವಳವೆಲ್ಲ ಸುಣ್ಣ ಬಳಿದಂತೆ ಬೆಳ್ಳಗೆ. ನೀರು ಬಿಸಿಯಾದರೆ ಹವಳ ತನ್ನೊಳಗಿನ ಬಣ್ಣದ ಪಾಚಿಯನ್ನು ಹೊರಹಾಕುತ್ತದೆ. ಸತ್ತಿರುವುದಿಲ್ಲ, ಮುಟ್ಟದೆ ಬಿಟ್ಟರೆ, ನೀರು ತಣಿದ ಮೇಲೆ ಚೇತರಿಸಿಕೊಳ್ಳಲೂಬಹುದು. ಸಣ್ಣ ಮೀನುಗಳು ಆಗಲೇ ನಾಪತ್ತೆ. ಬುಡದಲ್ಲಿ ಏಳೆಂಟು ಮುರು ಮೀನು ಮಾತ್ರ ಉಳಿದಿದ್ದವು. ಮೇಲೆ ಬಂದು ಹೇಳಿದೆ. ಮಾವ ಗಾಳ ಸುತ್ತಿಟ್ಟು, ಮಳೆಗಾಲ ಮುಗಿಯುವವರೆಗೆ ಇಲ್ಲಿ ಹಾಕುವುದಿಲ್ಲ ಅಂದರು.

ನನಗೆ ಸುಮ್ಮನಿರಲು ಆಗಬೇಕಲ್ಲ! ಜನ ನೋಡಲಿ ಅಂತ ಫೋಟೊಗಳನ್ನು ಫೇಸ್‌ಬುಕ್ಕಿಗೆ ಹಾಕಿದೆ. ಊರಿನ ಹೆಸರು ಬರೆಯಲಿಲ್ಲ, ಎಂಥ ಜಾಣ ನೋಡಿ. ಚಂದಕ್ಕೆಂದು ಕೊನೆಗೆ ಅದೇ ಜಾಗದಲ್ಲಿ ದೋಣಿಯಿಂದ ತೆಗೆದ ದಡದ ಚಿತ್ರವೊಂದನ್ನು ಸೇರಿಸಿದೆ. ತಾಳೆಮರ, ಐಸ್ ಪ್ಲಾಂಟ್, ಟವರ್, ಗುಡ್ಡ, ಎಲ್ಲ ಸರಿಯಾಗಿ ಕೂಡಿದ್ದವು. ನಮ್ಮ ಕಡೆಯ ಯಾವ ಮೀನುಗಾರ ನೋಡಿದರೂ ಕಲ್ಲೆಲ್ಲಿದೆಯೆಂದು ಬೆರಳಿಟ್ಟು ತೋರಿಸಬಹುದು. ಮೀನುಗಾರರ ಮನೆಯಲ್ಲೇ ಹುಟ್ಟಿದ ನನಗೆ ಇದು ಹೊಳೆಯಲೇ ಇಲ್ಲ.

ವಾರದೊಳಗೆ ಅಲ್ಲಿ ಐದು ದೋಣಿ. ತ್ರಾಸಿಯಿಂದಲೂ ಬಂದಿದ್ದರಂತೆ. ಅವರನ್ನು ಬೈಯಲು ನನಗೆ ಯಾವ ಬಾಯಿ? ಅವರೆಲ್ಲ ಹೋದ ಮೇಲೆ ಮಾವನ ಜೊತೆ ಹೋಗಿ ಇಳಿದೆ. ಲಂಗರು ಎಳೆದಲ್ಲೆಲ್ಲ ಹವಳ ಹಪ್ಪಳದ ಹಾಗೆ ಪುಡಿಯಾಗಿತ್ತು. ಮುರು ಮೀನು ಒಂದೂ ಇರಲಿಲ್ಲ. ನಾಚಿಕೆಗೆಟ್ಟವನು, ಅದನ್ನೂ ಫೋಟೊ ತೆಗೆದೆ.

ಮಾವ ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ದೋಣಿಯನ್ನು ದಡಕ್ಕೆ ತಿರುಗಿಸುತ್ತ, "ನಾ ನಿಂಗೊಬ್ನಿಗೆ ತೋರ್ಸದ್ದ್ ಮಗಾ. ನನ್ ಹೆಂಡ್ತಿಗೂ ಹೇಳ್ಲಿಲ್ಲೆ," ಅಂದರು.

ಈಗಲೂ ಊಟಕ್ಕೆ ಕರೆಯುತ್ತಾರೆ, ತಟ್ಟೆಗೆ ದೊಡ್ಡ ತುಂಡನ್ನೇ ಹಾಕಿಸುತ್ತಾರೆ. ಆ ಕಲ್ಲಿಗೆ ಮೀನು ಇನ್ನೂ ಮರಳಿಲ್ಲ. ಮೊನ್ನೆ ಧೈರ್ಯ ಮಾಡಿ, ಬೇರೆ ಕಲ್ಲಿದ್ದರೆ ಅಲ್ಲಿಯ ಹವಳ ಹೇಗಿದೆ ನೋಡಿ ಬರೋಣವೇ ಎಂದು ಕೇಳಿದೆ.

"ಇನ್ನೆಂತ ಕಲ್ಲ್? ನಂಗೆ ಗೊತ್ತಿದ್ದದ್ದ್ ಅದೊಂದೇ," ಅಂದರು.

ಅದೇ ಸಂಜೆ ಅವರು ಕಡಲಿನಿಂದ ಬಂದಾಗ ಬುಟ್ಟಿಯಲ್ಲಿ ಮುರು ಮೀನಿತ್ತು.