ಆಫ್ರಿಕಾದ ತಾಳಕ್ಕೆ ಅಜ್ಜಿಯ ಕತೆ

ದಕ್ಷಿಣ ಆಫ್ರಿಕಾದ ರ‍್ಯಾಪ್ ಗಾಯಕನೊಬ್ಬನ ಹೊಸ ಹಾಡುಗಳು ಬಂದ ಮೇಲೆ ಕೊಲ್ಲಿ ದೇಶದ ಖೈತಾನಿನ ನಮ್ಮ ಫ್ಲ್ಯಾಟಿನಲ್ಲಿ ಬೇರೆ ಸದ್ದೇ ಇರಲಿಲ್ಲ. ಕಂಪ್ಯೂಟರಿನ ತಾಳದ ನಡುವೆ ಅವನ ಊರಿನ ಮುದುಕಿಯರ ಹಾಡು. ನನ್ನ ಅಜ್ಜಿಯೂ ಹೀಗೆಯೇ ತೊಡೆ ತಟ್ಟಿ ತಾಳ ಹಾಕುತ್ತ ಕತೆ ಹೇಳುತ್ತಿದ್ದರು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ನನ್ನ ಮಗಳು, ನನ್ನಿಂದ ಕೇಳಿದ್ದ ಆ ಅಜ್ಜಿಯ ಒಂದು ಕತೆಯನ್ನು ಆ ತಾಳಕ್ಕೆ ಕನ್ನಡದಲ್ಲೇ ಹೊಂದಿಸಿಕೊಂಡಳು. ಇಲ್ಲಿನ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆಂದು ತಿಂಗಳಿಡೀ ನನ್ನಿಂದ ಉಚ್ಚಾರ ತಿದ್ದಿಸಿಕೊಂಡಳು.

ರಿಹರ್ಸಲಿನಲ್ಲಿ ಸಂಘದ ಕಾರ್ಯದರ್ಶಿಗಳು ಎರಡೇ ಸಾಲಿಗೆ ಕೈಯೆತ್ತಿ ನಿಲ್ಲಿಸಿದರು.

"ಇದೆಂತ ಗಲಾಟೆ ಮಾರಾಯ್ರೆ? ನಮಗೆ ನಮ್ಮ ಸಂಸ್ಕೃತಿ ಬೇಕು. ಖಲಾಸ್, ಇದು ಬೇಡ."

"ಅವಳು ಹೇಳಿದ್ದು ಕನ್ನಡ ಸ್ವಾಮಿ! ಕಿವಿ ಕೊಟ್ಟು ಕೇಳಿದ್ರಾ?"

"ಮ್ಯೂಸಿಕ್ ಆಫ್ರಿಕಾದ್ದಲ್ವಾ?"

"ಮತ್ತೆ ನಿಮ್ಮ ಮಕ್ಕಳು ಕುಣಿಯುವ ಮೂರು ಹಿಂದಿ ಸಿನಿಮಾ ಹಾಡು? ಅದು ನಿಮ್ಮ ಅಜ್ಜಿ ಹಾಡಿದ್ದಾ?"

ಅವರು ಪಟ್ಟಿಯಲ್ಲಿ ಮಗಳ ಹೆಸರಿನ ಮೇಲೆ ಗೆರೆ ಎಳೆದರು. ಪ್ರತಿ ವರ್ಷ ಕಾರ್ಯಕ್ರಮದ ನಿರೂಪಣೆ ನನ್ನದೇ. ಕೈಯಲ್ಲಿದ್ದ ಮೈಕನ್ನು ಅವರ ಪಟ್ಟಿಯ ಮೇಲೆ ಕುಕ್ಕಿದೆ.

"ತಗೊಳ್ಳಿ. ನಿಮ್ಮ ಸಂಸ್ಕೃತಿಯ ಬಗ್ಗೆ ನೀವೇ ಮಾತಾಡಿ."

ಕಾರಿನಲ್ಲಿ ಮಗಳು ಕಿಟಕಿಯತ್ತ ತಿರುಗಿ, "ಲೀವ್ ಇಟ್, ಪಪ್ಪಾ" ಎಂದಳು. ತಿಂಗಳಿಡೀ ನನ್ನೊಡನೆ ಕನ್ನಡದಲ್ಲಿ ಜಗಳವಾಡಿದವಳು ಮತ್ತೆ ಇಂಗ್ಲಿಷಿಗೆ ಹೋಗಿಬಿಟ್ಟಿದ್ದಳು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.