ಬಾಂಬಿಗೆ ಹೆದರಿದ ಸಾಹೇಬ, ಬಾಗಿಲಿಗೆ ಹೆದರಿದ ಓನರ್ರು

ಪಿಲ್ಲಗುಂಪೆ ಇಂಡಸ್ಟ್ರಿಯಲ್ ಏರಿಯಾದ ನಮ್ಮ ಶೆಡ್ಡಿನಲ್ಲಿ ಫಾರಿನ್ ಗ್ರೈಂಡಿಂಗ್ ಮಷೀನು ಅಂತ ಇದ್ದದ್ದು ಒಂದೇ. ಅದನ್ನು ಓಡಿಸುತ್ತಿದ್ದವನು ನಾನೊಬ್ಬನೇ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಅಂತ ಯಾರಾದರೂ ಆಡಿಕೊಂಡರೆ, ಬಾರಪ್ಪ, ಒಂದು ಶಾಫ್ಟು ಉಜ್ಜಿ ತೋರಿಸು ಅನ್ನುತ್ತಿದ್ದೆ. ಯಾರೂ ಬರುತ್ತಿರಲಿಲ್ಲ.

ನಾವು ಮಾಡುತ್ತಿದ್ದದ್ದು ದೊಡ್ಡಬಳ್ಳಾಪುರದ ಮಗ್ಗಗಳಿಗೆ ಶಾಫ್ಟು. ಆದರೆ ಅಷ್ಟು ನಯವಾದ ಮಷೀನಿನಲ್ಲಿ ರಾಕೆಟ್ಟಿನ ಸಾಮಾನನ್ನೂ ಮಾಡಬಹುದಂತೆ. ಬಾಂಬು, ರಾಕೆಟ್ಟು ಕಂಡಕಂಡವರ ಕೈಗೆ ಹೋಗಬಾರದು ಅಂತ ಹೊರದೇಶದವರೆಲ್ಲ ಸೇರಿ ಕಟ್ಟುಪಾಡು ಮಾಡಿಕೊಂಡಿದ್ದರು. ಅದಕ್ಕೇ ಮಾರಿದ ಕಂಪನಿ ಷರತ್ತು ಹಾಕಿತ್ತು: ಮಷೀನು ಕೂರಿಸಿದ ಜಾಗದಿಂದ ಕದಲಬಾರದು, ಅವರ ಮನುಷ್ಯ ವರ್ಷಕ್ಕೊಮ್ಮೆ ಬಂದು ನೋಡುತ್ತಾನೆ, ಅವನು ಒಪ್ಪಿದರೆ ಮಾತ್ರ ಬಿಡಿಭಾಗ. ತೊಂಬತ್ತೆಂಟರಲ್ಲಿ ನಮ್ಮ ದೇಶ ಬಾಂಬು ಸಿಡಿಸಿ ನೋಡಿದ ಮೇಲೆ ಇದೆಲ್ಲ ಇನ್ನೂ ಬಿಗಿಯಾಯಿತು. ಸಿಡಿದದ್ದು ಮರಳುಗಾಡಿನಲ್ಲಿ, ಬಿಸಿ ತಟ್ಟಿದ್ದು ಪಿಲ್ಲಗುಂಪೆಗೆ.

ಅದೇ ಹೊತ್ತಿಗೆ ನನ್ನ ಮಷೀನಿನ ಬೇರಿಂಗು ಕುಯ್ಯೋ ಅನ್ನತೊಡಗಿತು.

"ಹೊಸ ಬೇರಿಂಗ್ ಬರ್ಲಿಲ್ಲ ಅಂದ್ರೆ ಮಷೀನು ಗುಜರಿಗೆ, ನೀನು ಗರಗಸ ಹಿಡ್ಕೊಂಡು ಕಂಬಿ ಕುಯ್ಯೋಕೆ," ಅಂದರು ಓನರ್ರು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಆರ್ಡರೂ ಕಡಿಮೆಯಾಗಿತ್ತು. ಓನರ್ರು ಒಬ್ಬ ವಾಸ್ತು ಪಂಡಿತರನ್ನು ಕರೆಸಿದರು. ಅವರು ಬಾಗಿಲಲ್ಲೇ ನಿಂತು, "ಎದುರಿಗೇ ಮಷೀನು ಮಡಗಿದ್ದೀರಲ್ಲ, ಒಳಗೆ ಬರೋ ಲಕ್ಷ್ಮಿ ಅದಕ್ಕೆ ಡಿಕ್ಕಿ ಹೊಡ್ಕೊಂಡು ವಾಪಸ್ ಹೋಗ್ತಾವ್ಳೆ," ಅಂದರು. ಸರಿ, ಪೈಪು ಹಾಕಿ ಉರುಳಿಸಿ ಮಷೀನನ್ನು ಹಿಂದಿನ ಶೆಡ್ಡಿಗೆ ದಾಟಿಸಿದೆವು. ಷರತ್ತು ಯಾರಿಗೂ ನೆನಪಾಗಲಿಲ್ಲ.

ವರ್ಷದ ತಪಾಸಣೆಗೆ ಕಂಪನಿಯ ಬಿಳಿ ಸಾಹೇಬ ಬಂದ. ಕೈಯಲ್ಲಿ ಹಳೇ ಫೋಟೋ, ಅದರಲ್ಲಿ ಬಾಗಿಲೆದುರು ಮಷೀನು. ಅವನು ಕಂಡದ್ದು ಬೋಳು ಕಟ್ಟೆ, ನಾಲ್ಕು ಬೋಲ್ಟು, ಮೇಲೆ ನಮ್ಮ ಊಟದ ಕ್ಯಾರಿಯರ್‌ಗಳು. ಅವನ ಮುಖ ಇನ್ನಷ್ಟು ಬೆಳ್ಳಗಾಯಿತು.

ಓನರ್ರು ನನ್ನ ಕಡೆ ವಾಲಿದರು. "ವಾಸ್ತು ಅನ್ನೋಕೆ ಇಂಗ್ಲಿಷಲ್ಲಿ ಏನಂತಾರಯ್ಯಾ?"

"ಏಳನೇ ಕ್ಲಾಸು ಬಿಟ್ಟೋನ್ನ ಕೇಳ್ತೀರಲ್ಲ ಸಾರ್."

ನಾನು ಸಾಹೇಬನ ತೋಳು ಹಿಡಿದು ಹಿಂದಿನ ಶೆಡ್ಡಿಗೆ ಕರೆದೊಯ್ದೆ. ಮಷೀನಿನ ನಂಬರು ಕೊರೆದ ತಗಡು ಪೂಜೆಯ ಕುಂಕುಮದಲ್ಲಿ ಮುಚ್ಚಿಹೋಗಿತ್ತು, ಉಜ್ಜಿ ತೋರಿಸಿದೆ. ಅವನು ನಂಬರು ತಾಳೆ ನೋಡಿದ. ಓನರ್ರು ಕೈಸನ್ನೆ ಸೇರಿಸಿ ಲಕ್ಷ್ಮಿಯ ಡಿಕ್ಕಿಯನ್ನೂ ವಿವರಿಸಿದರು. ಅವನು ಎಲ್ಲ ಕೇಳಿಸಿಕೊಂಡು ಹೇಳಿದ್ದು ಇಷ್ಟೇ: ಮಷೀನು ಅದೇ, ಜಾಗ ಅದಲ್ಲ. ನಾಳಿದ್ದು ಮತ್ತೆ ಬರ್ತೀನಿ. ಫೋಟೋದಲ್ಲಿರೋ ಹಾಗೆ ಇದ್ರೆ ಬೇರಿಂಗು, ಇಲ್ಲಾಂದ್ರೆ ಇಲ್ಲ.

ಅವನು ಹೋದ ಮೇಲೆ ಓನರ್ರು ತಲೆ ಹಿಡಿದು ಕೂತರು. "ಅಲ್ಲಿಟ್ರೆ ಲಕ್ಷ್ಮಿ ಬರಲ್ಲ, ಇಲ್ಲಿಟ್ರೆ ಬೇರಿಂಗ್ ಬರಲ್ಲ."

"ಬೇರಿಂಗ್ ಬರ್ಲಿ ಸಾರ್ ಮೊದ್ಲು. ಮಷೀನು ಓಡೋ ಸದ್ದು ಕೇಳಿ ಲಕ್ಷ್ಮಿ ತಾನೇ ಬರ್ತಾಳೆ," ಅಂದೆ.

ಅವರಿಗೆ ಧೈರ್ಯ ಸಾಲಲಿಲ್ಲ. ಪಂಡಿತರಿಗೆ ಮತ್ತೆ ಕರೆ ಹೋಯಿತು. ಅವರು ಗದ್ದ ಕೆರೆದುಕೊಂಡು ಯೋಚಿಸಿ, "ಮಷೀನು ಕದಲಬಾರ್ದು ಅಂದ್ರೆ ಬಾಗಿಲನ್ನೇ ಕದಲಿಸಿ," ಅಂದರು.

ನಾವು ಮಷೀನನ್ನು ಹಳೇ ಕಟ್ಟೆಗೆ ಉರುಳಿಸಿ ತಂದು ಬೋಲ್ಟು ಬಿಗಿದೆವು. ಸಾಹೇಬ ಬಂದ, ಫೋಟೋ ಹಿಡಿದು ನೋಡಿದ, ತಲೆಯಾಡಿಸಿ ಸಹಿ ಹಾಕಿದ. ಅವನ ಕಾರು ಮರೆಯಾದ ಮೇಲೆ ಗಾರೆಯವರು ಬಂದು ಹಳೇ ಬಾಗಿಲಿಗೆ ಇಟ್ಟಿಗೆ ಕಟ್ಟಿ, ಪಕ್ಕದ ಗೋಡೆ ಒಡೆದು ಹೊಸದು ಕೂರಿಸಿದರು. ಬೇರಿಂಗು ಬಂತು. ಕಂಬಿ ಕುಯ್ಯುವ ಗರಗಸವನ್ನು ನಾನು ಮುಟ್ಟಲಿಲ್ಲ.

ಮರುವರ್ಷ ಒಂದು ದಿನ ಶಾಫ್ಟು ಉಜ್ಜುತ್ತಿದ್ದೆ. ಹಳೇ ಬಾಗಿಲಿದ್ದ ಎದುರಿನ ಗೋಡೆಯನ್ನು ಹೊರಗಿನಿಂದ ಯಾರೋ ಟಕಟಕ ಬಡಿಯುತ್ತಿದ್ದರು. ಯಾರು ಅಂತ ನನಗೆ ಗೊತ್ತಾಯಿತು. ಕೆಲಸ ಅರ್ಧಕ್ಕೆ ಬಿಡೋ ಪೈಕಿ ನಾನಲ್ಲ, ಶಾಫ್ಟು ಮುಗಿಸಿಯೇ ಎದ್ದೆ. ಅಷ್ಟರಲ್ಲಿ ಶೆಡ್ಡನ್ನು ಒಂದು ಸುತ್ತು ಹಾಕಿ, ಬೆವರುತ್ತಾ ಸಾಹೇಬ ಒಳಗೆ ಬಂದಿದ್ದ. ಮಷೀನು ನೋಡಿದ, ಗೋಡೆ ನೋಡಿದ, ಫೋಟೋ ನೋಡಿದ.

ಸಹಿ ಹಾಕಿದ. ಹೋಗುವಾಗ ಮಾತ್ರ ಹೊಸ ಬಾಗಿಲಿನದ್ದೂ ಒಂದು ಫೋಟೋ ತೆಗೆದುಕೊಂಡ.